ಗೋಲು ಬೀಳುತ್ತಿರುವುದು ಎಲ್ಲಿಂದ? ಫುಟ್‌ಬಾಲ್ ಫಾರ್ಮೇಶನ್‌ನಲ್ಲಿ ದೋಷ ಹುಡುಕುವ ಬಗೆ

ಚಿತ್ರದುರ್ಗದಲ್ಲಿ ಆಡಿದ ಒಂದು ಪಂದ್ಯದಲ್ಲಿ ನಮ್ಮ ಹುಡುಗರು 4-1ರಲ್ಲಿ ಸೋತರು. ಆ ನಾಲ್ಕರಲ್ಲಿ ಮೂರು ಗೋಲು ನಮ್ಮ ಎಡಗಡೆಯಿಂದಲೇ ಬಂದವು. ದಾವಣಗೆರೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಎರಡೇ ಮಾತು. ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ಕಾಯುವ ಹುಡುಗನನ್ನು ತೆಗೆಯಬೇಕು ಅನ್ನುವುದು ಒಂದು. 4-3-3 ಫಾರ್ಮೇಶನ್ ನಮಗೆ ಆಗಿಬರಲ್ಲ, 3-5-2ಕ್ಕೆ ಹೋಗಬೇಕು ಅನ್ನುವುದು ಇನ್ನೊಂದು. ಆ ಹುಡುಗ ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

ಎರಡು ಮಾತೂ ತಪ್ಪು. ಅದು ಖಾತ್ರಿಯಾಗಲು ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಏನೇನು ನೋಡಿದೆ, ಹೇಗೆ ನೋಡಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಹುಡುಗರ ತಂಡ ಕಟ್ಟಿಕೊಂಡು ಒದ್ದಾಡುತ್ತಿರುವವರಿಗೆ ಉಪಯೋಗಕ್ಕೆ ಬರಲಿ.

ನನ್ನ ಕಸುಬು ಬೋರ್‌ವೆಲ್ ಮೋಟಾರ್ ರಿಪೇರಿ, ರಿವೈಂಡಿಂಗ್. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಮೋಟಾರ್ ನಿಂತಿತು ಅಂದರೆ ರೈತರಿಗೆ ಮೊದಲು ಹೊಳೆಯುವುದು ಕಾಯಿಲ್ ಸುಟ್ಟಿದೆ ಅಂತ. ಪೈಪ್ ಎತ್ತಿಸಿ, ಮೋಟಾರ್ ಹೊತ್ತು ತರುತ್ತಾರೆ. ಎಷ್ಟೋ ಸಲ ಮೋಟಾರ್ ಚೆನ್ನಾಗಿಯೇ ಇರುತ್ತದೆ. ಮೂರು ಫೇಸಿನಲ್ಲಿ ಒಂದು ಬರುತ್ತಿರುವುದಿಲ್ಲ, ಇಲ್ಲ ಸ್ಟಾರ್ಟರಿನ ರಿಲೇ ಟ್ರಿಪ್ ಆಗಿರುತ್ತದೆ. ಮೇಲೆ ಬೋರ್ಡಿನಲ್ಲಿ ಹತ್ತು ನಿಮಿಷ ನೋಡಿದ್ದರೆ ಸಾಕಿತ್ತು. ಸೋತ ಕೂಡಲೇ ಫಾರ್ಮೇಶನ್ ಬದಲಾಯಿಸುವುದೂ ಹಾಗೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತೇವೆ.

ಕಿಂಡಿ ಇಲ್ಲದ ಫಾರ್ಮೇಶನ್ ಇಲ್ಲ

ಗೋಲ್‌ಕೀಪರ್‌ನನ್ನು ಬಿಟ್ಟು ಹಿಂದಿನಿಂದ ಎಣಿಸಿದರೆ ಬರುವ ಸಂಖ್ಯೆಯೇ ಫಾರ್ಮೇಶನ್. 4-3-3 ಅಂದರೆ ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಆದರೆ ಚೆಂಡು ಕೈತಪ್ಪಿದ ಕೂಡಲೇ ಎರಡು ಅಂಚಿನ ಫಾರ್ವರ್ಡ್‌ಗಳು, ಅಂದರೆ ವಿಂಗರ್‌ಗಳಿಬ್ಬರೂ ಇಳಿದು ಬಂದರೆ ಅದೇ ತಂಡ 4-5-1. ಹಾಗಾಗಿ ಸಂಖ್ಯೆ ಹೇಳುವುದು ಎಲ್ಲಿಂದ ಹೊರಡುತ್ತೀರಿ ಅನ್ನುವುದನ್ನು ಮಾತ್ರ.

ದೊಡ್ಡ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಹತ್ತು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಆರು 30-40 ಸೈಟಿಗಿಂತ ಜಾಸ್ತಿ ಜಾಗ. ಒಬ್ಬ ಹುಡುಗ ಆರು ಸೈಟು ಕಾಯಲು ಆಗುತ್ತದಾ? ಆಗಲ್ಲ. ಎಲ್ಲೋ ಒಂದು ಕಡೆ ಖಾಲಿ ಬಿಡಲೇಬೇಕು. ಯಾವ ಜಾಗ ಖಾಲಿ ಬಿಡುತ್ತೇವೆ ಅನ್ನುವುದರಲ್ಲೇ ಒಂದು ಫಾರ್ಮೇಶನ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ.

ಆ ಖಾಲಿ ಜಾಗಕ್ಕೆ ನಮ್ಮ ತಂಡದಲ್ಲಿ 'ಕಿಂಡಿ' ಅಂತಲೇ ಹೇಳುವುದು. ಪಂದ್ಯದ ದಿನ ಬೆಳಿಗ್ಗೆ ಹುಡುಗರು ಕೋಟೆ ಹತ್ತಿ ಓಬವ್ವನ ಕಿಂಡಿ ನೋಡಿ ಬಂದಿದ್ದರು. ಏಳು ಸುತ್ತಿನ ಕೋಟೆ, ಅಂಥಾ ಗೋಡೆ. ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಒಬ್ಬ ಮನುಷ್ಯ ತೂರುವಷ್ಟು ಸಂದಿಯಲ್ಲಿ ಅನ್ನುವ ಕಥೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಆ ಕಥೆಯಲ್ಲಿ ನಾನು ಹುಡುಗರಿಗೆ ತೋರಿಸುವುದು ಇಷ್ಟು: ಓಬವ್ವ ಧೈರ್ಯವಂತೆ ಹೌದು, ಜೊತೆಗೆ ಕಿಂಡಿಯೂ ಸಣ್ಣದಿತ್ತು. ಒಬ್ಬೊಬ್ಬರೇ ಬರಬೇಕಿತ್ತು. ಅದಕ್ಕೇ ಒಂದು ಒನಕೆ ಸಾಕಾಯಿತು. ನಮ್ಮ ಲೆಫ್ಟ್ ಬ್ಯಾಕ್ ಎದುರು ಇದ್ದದ್ದು ಹೆಬ್ಬಾಗಿಲಿನಷ್ಟು ಅಗಲದ ಜಾಗ. ಅಲ್ಲಿ ಯಾರನ್ನು ನಿಲ್ಲಿಸಿದರೂ ಅದೇ ಕಥೆ.

ಮೊದಲು ಬೇರೆ ಕಾರಣಗಳನ್ನು ತೆಗೆದುಹಾಕಿ

ಗೋಲು ಬಿದ್ದ ನಿಮಿಷ ಬರೆದಿಡಿ. ಕೊನೆಯ ಇಪ್ಪತ್ತು ನಿಮಿಷದಲ್ಲೇ ಬೀಳುತ್ತಿದ್ದರೆ ಹೆಚ್ಚಾಗಿ ಅದು ದಣಿವು. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಆಡಿಸಿದರೆ ಯಾವ ಫಾರ್ಮೇಶನ್ ಆದರೂ ಬಿರುಕು ಬಿಡುತ್ತದೆ. ಕಾರ್ನರ್, ಫ್ರೀ ಕಿಕ್‌ನಿಂದ ಬಿದ್ದ ಗೋಲನ್ನು ಬೇರೆ ಲೆಕ್ಕಕ್ಕೆ ಹಾಕಿ. ಆಗ ಎಲ್ಲರೂ ಹೇಗೂ ಗೋಲಿನ ಮುಂದಿನ ಬಾಕ್ಸಿನಲ್ಲಿ ಇರುತ್ತಾರೆ, 4-3-3 ಆದರೇನು 4-4-2 ಆದರೇನು. ನೆಲವನ್ನೂ ನೋಡಿ. ಬೇಸಿಗೆಯ ಗಟ್ಟಿ ನೆಲದಲ್ಲಿ ಉದ್ದ ಹೊಡೆದ ಚೆಂಡು ಪುಟಿದು ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್ ತಲೆ ಮೇಲಿಂದ ಹೋಗುತ್ತದೆ. ಅದಕ್ಕೆ ಸ್ಟಾಪರ್ ನಾಲ್ಕು ಹೆಜ್ಜೆ ಹಿಂದೆ ನಿಂತರೆ ಆಯಿತು.

ನಮ್ಮ ಮೂರು ಗೋಲಿನಲ್ಲಿ ಎರಡು ಮೊದಲ ಅರ್ಧದಲ್ಲೇ ಬಿದ್ದಿದ್ದವು. ಮೂರೂ ಆಟ ನಡೆಯುತ್ತಿರುವಾಗ ಬಂದವು. ಅಲ್ಲಿಗೆ ದಣಿವಲ್ಲ, ಕಾರ್ನರ್ ಅಲ್ಲ.

ಹಾಗಾದರೆ ಹುಡುಗನದ್ದಾ, ಜಾಗದ್ದಾ? ಇದಕ್ಕೆ ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆಯೇ ಸರಿ. ಅನುಮಾನ ಇರುವ ಕೆಪಾಸಿಟರ್ ಬಿಚ್ಚಿ, ಚೆನ್ನಾಗಿ ಓಡುತ್ತಿರುವ ಮೋಟಾರಿಗೆ ಹಾಕುತ್ತೇನೆ. ಅದರದ್ದನ್ನು ಇದಕ್ಕೆ. ತೊಂದರೆ ಕೆಪಾಸಿಟರ್ ಜೊತೆ ಹೋದರೆ ತಪ್ಪು ಕೆಪಾಸಿಟರಿನದು. ಹಳೇ ಜಾಗದಲ್ಲೇ ಉಳಿದರೆ ಬೇರೆ ಕಡೆ ನೋಡಬೇಕು. ಮೊದಲ ವಾರ ಅಭ್ಯಾಸದ ಪಂದ್ಯದಲ್ಲಿ ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್ ಇಬ್ಬರನ್ನೂ ಅದಲುಬದಲು ಮಾಡಿದೆ. ಬೈಸಿಕೊಂಡ ಹುಡುಗ ಬಲಗಡೆ ನಿಶ್ಚಿಂತೆಯಾಗಿ ಆಡಿದ. ತಂಡದಲ್ಲೇ ಗಟ್ಟಿಗ ಅನ್ನಿಸಿಕೊಂಡವನು ಎಡಗಡೆ ಹೋಗಿ ಒದ್ದಾಡಿದ. ಗೋಲು ಮತ್ತೆ ಎಡಗಡೆಯಿಂದಲೇ ಬಿತ್ತು.

ಒಬ್ಬ ಹುಡುಗನ ಮೇಲೆ ತಪ್ಪು ಹೊರಿಸುವ ಮುಂಚೆ ಈ ಒಂದು ಪರೀಕ್ಷೆ ಮಾಡಿ ಅಂತ ಎಲ್ಲ ಕೋಚ್‌ಗಳನ್ನೂ ಕೈಮುಗಿದು ಕೇಳುತ್ತೇನೆ. ಹದಿನಾರು ವರ್ಷದ ಹುಡುಗ ಇಂಥ ಕಾರಣಕ್ಕೆ ಆಟ ಬಿಟ್ಟರೆ ಮತ್ತೆ ಬರುವುದಿಲ್ಲ.

ಹತ್ತು ಸೆಕೆಂಡ್ ಹಿಂದಕ್ಕೆ

ಎರಡನೇ ವಾರ ನಾನೇ ಆತುರಪಟ್ಟೆ. ಎಲ್ಲರ ಮಾತು ಕೇಳಿ 3-5-2 ಆಡಿಸಿದೆ. ಎಡಗಡೆ ಗೋಲು ನಿಂತಿತು ಅಂತ ಅರ್ಧ ಗಂಟೆ ಸಮಾಧಾನವಾಗಿದ್ದೆ. ಆಮೇಲೆ ಎರಡೂ ಕಡೆ ಅಂಚಿನಲ್ಲಿ ಮೇಲೂ ಕೆಳಗೂ ಓಡುವ ವಿಂಗ್ ಬ್ಯಾಕ್ ಮುಂದೆ ಹೋದಾಗಲೆಲ್ಲ ಅವರ ಬೆನ್ನ ಹಿಂದೆ ಚೆಂಡು ಬೀಳತೊಡಗಿತು. ಸ್ಟಾಪರ್ ಹೊರಗೆ ಎಳೆದುಹೋದ, ನಡುವೆ ಬಯಲು. ಇದ್ದ ಕಿಂಡಿ ಮುಚ್ಚಿ ಎರಡು ಹೊಸ ಕಿಂಡಿ ತೆಗೆದ ಹಾಗಾಯಿತು.

ಆಗ ಕೂತು ವಿಡಿಯೋ ನೋಡಿದೆ. ಚಿತ್ರದುರ್ಗದ ಪಂದ್ಯವನ್ನು ಒಬ್ಬ ಹುಡುಗನ ತಮ್ಮ ಎತ್ತರದಲ್ಲಿ ನಿಂತು ಫೋನಿನಲ್ಲಿ ತೆಗೆದಿದ್ದ. ಪೂರ್ತಿ ಮೈದಾನ ಕಾಣುವ ವಿಡಿಯೋ ಇದ್ದರೆ ಅದಕ್ಕಿಂತ ಒಳ್ಳೇ ಉಪಕರಣ ಬೇಡ. ಗೋಲು ಬಿದ್ದ ಕ್ಷಣ ನೋಡಬೇಡಿ. ಅಲ್ಲಿ ಕಾಣುವುದು ಕೊನೆಗೆ ಸಿಕ್ಕಿಬಿದ್ದವನು ಮಾತ್ರ. ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ನಿಲ್ಲಿಸಿ. ಚೆಂಡು ಎಲ್ಲಿ ತಪ್ಪಿತು? ಆಗ ಯಾರು ಎಲ್ಲಿದ್ದರು? ಆ ಜಾಗದಲ್ಲಿ ನಮ್ಮವರೆಷ್ಟು, ಅವರೆಷ್ಟು? ಬೆರಳಿಟ್ಟು ಎಣಿಸಿ. ಮೂರು ಗೋಲಿನಲ್ಲೂ ನನಗೆ ಬಂದ ಲೆಕ್ಕ ಒಂದೇ: ನಮ್ಮವನು ಒಬ್ಬ, ಅವರು ಇಬ್ಬರು.

ಮೂರನೇ ವಾರ, ಶನಿವಾರ ಸಂಜೆ ಆ ಲೆಫ್ಟ್ ಬ್ಯಾಕ್ ಹುಡುಗನನ್ನು ಅಂಗಡಿಗೆ ಕರೆದೆ. ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಬೆಂಚಿನ ಮೇಲೆ ಪೇಪರ್ ಹರಡಿ, ಮಂಡಕ್ಕಿ ಒಂದು ಮೂಲೆಗೆ ಸರಿಸಿ, ಅದರಲ್ಲಿದ್ದ ಶೇಂಗಾ ಬೀಜ ಹೆಕ್ಕಿ ನಮ್ಮ ತಂಡ ಇಟ್ಟೆವು. ಅವರ ತಂಡಕ್ಕೆ ತಾಮ್ರದ ತಂತಿಯ ತುಂಡುಗಳು. ವಿಡಿಯೋದಲ್ಲಿ ನಿಲ್ಲಿಸಿದ ಹಾಗೇ ಒಂದೊಂದನ್ನೂ ಜೋಡಿಸಿದೆವು.

"ಈಗ ಹೇಳಪ್ಪ, ಚೆಂಡು ಇಲ್ಲಿದೆ. ನೀನು ಏನ್ ಮಾಡ್ತೀಯ?"

ಅವನು ತನ್ನ ಬೀಜದ ಮೇಲೆ ಬೆರಳಿಟ್ಟ. ಹೊರಗೆ ಸರಿಸಿದ, ಮತ್ತೆ ಒಳಗೆ ತಂದ. "ಅಣ್ಣಾ, ಇವನು ಲೈನ್ ಹತ್ರ ನಿಂತಿರ್ತಾನೆ. ಇವನು ಒಳಗಿಂದ ಓಡಿ ಬರ್ತಾನೆ. ನಾನು ಯಾರನ್ನ ಹಿಡೀಲಿ? ಹೊರಗೆ ಹೋದ್ರೆ ಒಳಗೆ ಬಾಗಿಲು ತೆಗೆದಂಗೆ. ಒಳಗೆ ನಿಂತ್ರೆ ಅವನು ಆರಾಮಾಗಿ ಕ್ರಾಸ್ ಹೊಡೀತಾನೆ."

ಮೂರು ವಾರದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪೇಪರ್ ಪೂರ್ತಿ ನೋಡಿದೆ. ಒಂದು ಬೀಜ ಅವರ ಗೋಲಿನ ಹತ್ತಿರ ಒಂಟಿಯಾಗಿ ಬಿದ್ದಿತ್ತು. ಅದು ನಮ್ಮ ಲೆಫ್ಟ್ ವಿಂಗರ್. "ಇವನ್ಯಾಕೆ ಅಲ್ಲಿದ್ದಾನೆ?" ಅಂದೆ. "ನೀವೇ ಹೇಳಿದ್ರಲ್ಲಣ್ಣಾ, ಚೆಂಡು ಹೋದ್ರೂ ಇಳೀಬೇಡ, ಕೌಂಟರ್‌ಗೆ ಅಲ್ಲೇ ಇರು ಅಂತ." ಹೌದು, ಹೇಳಿದ್ದೆ. ಕೌಂಟರ್ ಅಂದರೆ ಚೆಂಡು ಕಸಿದ ಕೂಡಲೇ ಮಾಡುವ ಎದುರುದಾಳಿ. ಆ ಒಂದು ಮಾತಿನಿಂದ ಲೆಫ್ಟ್ ಬ್ಯಾಕ್ ಎದುರಿನ ಜಾಗ ತೆರೆದಿತ್ತು. ಎಡಗಡೆಯ ಮಿಡ್‌ಫೀಲ್ಡರ್ ಚೆಂಡಿನ ಕಡೆ ನಡುವಿಗೆ ಎಳೆದುಹೋಗಿದ್ದ, ಅವನಿಗೂ ಹೊರಗೆ ಹೋಗು ಅಂತ ಯಾರೂ ಹೇಳಿರಲಿಲ್ಲ.

"ಯಾರನ್ನ ಹಿಡೀಲಿ" ಅನ್ನುವುದು ಹಳೇ ಪ್ರಶ್ನೆ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಹಂಗೇರಿ ಎದುರು 6-3ರಲ್ಲಿ ಸೋತಿತು. ಹಂಗೇರಿಯ ಹಿಡೆಗ್ಕುಟಿ 9ನೇ ನಂಬರ್ ಹಾಕಿಕೊಂಡು ಸ್ಟ್ರೈಕರ್ ಜಾಗ ಬಿಟ್ಟು ಹಿಂದೆ, ಮಿಡ್‌ಫೀಲ್ಡಿನಲ್ಲಿ ಆಡಿದ. ಇಂಗ್ಲೆಂಡಿನ ಸೆಂಟರ್ ಹಾಫ್ (ನಡುವಿನ ಡಿಫೆಂಡರ್) ಹ್ಯಾರಿ ಜಾನ್‌ಸ್ಟನ್ ಅವನ ಬೆನ್ನು ಹತ್ತಿದರೆ ಗೋಲಿನ ಮುಂದೆ ಖಾಲಿ. ಹತ್ತದಿದ್ದರೆ ಅವನು ತಿರುಗಿ ಆಡುತ್ತಾನೆ. ಹಿಡೆಗ್ಕುಟಿ ಮೂರು ಗೋಲು ಹೊಡೆದ. ಜಾನ್‌ಸ್ಟನ್ ಕೆಟ್ಟ ಆಟಗಾರ ಆಗಿರಲಿಲ್ಲ. ಅವನ ತಂಡದ ಫಾರ್ಮೇಶನ್ ಅವನಿಗೆ ಉತ್ತರ ಕೊಟ್ಟಿರಲಿಲ್ಲ, ಅಷ್ಟೇ. ನಿಮ್ಮ ಡಿಫೆಂಡರ್ ಈ ಪ್ರಶ್ನೆ ಕೇಳಿದ ಅಂದರೆ ದೋಷ ಸಿಕ್ಕಿತು ಅಂತ ತಿಳಿಯಿರಿ.

ನಮ್ಮ ಪರಿಹಾರ ತುಂಬಾ ಸಣ್ಣದು. 4-3-3 ಹಾಗೇ ಇಟ್ಟೆ. ಚೆಂಡು ನಮ್ಮ ಎಡಗಡೆ ಹೋದರೆ ಲೆಫ್ಟ್ ವಿಂಗರ್ ಮಧ್ಯದ ಗೆರೆ ದಾಟಿ ಕೆಳಗೆ ಬರಬೇಕು. ಕೌಂಟರ್‌ಗೆ ಮೇಲೆ ಉಳಿಯುವವನು ರೈಟ್ ವಿಂಗರ್. ಚೆಂಡು ಬಲಗಡೆ ಹೋದರೆ ಇದು ತಿರುಗುಮುರುಗು. ಯಾವಾಗಲೂ ಒಬ್ಬ ಮೇಲೆ, ಒಬ್ಬ ಕೆಳಗೆ. ಒಂದೇ ಬದಲಾವಣೆ, ಅದೂ ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಗೊತ್ತಾಗುವುದೇ ಇಲ್ಲ.

ಬೇರೆ ಫಾರ್ಮೇಶನ್‌ಗಳ ಕಿಂಡಿ ಎಲ್ಲಿ?

4-3-3ರ ಶಕ್ತಿ ಅಗಲದಲ್ಲಿದೆ. ಮೈದಾನದ ಎರಡೂ ಅಂಚಿನಲ್ಲಿ ನಮ್ಮವರು ಇರುತ್ತಾರೆ, ಎದುರಾಳಿಯ ಡಿಫೆನ್ಸನ್ನು ಎಳೆದು ಅಗಲ ಮಾಡಬಹುದು, ಮುಂದೆಯೇ ಪ್ರೆಸ್ ಮಾಡಬಹುದು, ಅಂದರೆ ಮೈಮೇಲೆ ಬಿದ್ದು ಚೆಂಡು ಕಸಿಯಲು ನೋಡಬಹುದು. ಅದರ ಕಿಂಡಿ ಫುಲ್ ಬ್ಯಾಕ್ (ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್) ಹತ್ತಿರ, ಈಗ ಹೇಳಿದ ಹಾಗೆ. ಇನ್ನೊಂದು ಕಿಂಡಿ ನಡುವೆ ಒಬ್ಬನೇ ನಿಲ್ಲುವ ಹೋಲ್ಡಿಂಗ್ ಮಿಡ್‌ಫೀಲ್ಡರ್‌ನ ಎಡಬಲದಲ್ಲಿ. ಮುಂದಿನ ಇಬ್ಬರು ಮಿಡ್‌ಫೀಲ್ಡರ್‌ಗಳೂ ಒಟ್ಟಿಗೆ ದಾಳಿಗೆ ಹೋದರೆ ಅವನು ಒಬ್ಬನೇ ಉಳಿಯುತ್ತಾನೆ.

4-4-2 ಕಲಿಸಲು ಸುಲಭ. ಹೊಸ ಹುಡುಗರಿಗೆ ನಾನು ಇದನ್ನೇ ಮೊದಲು ಕೊಡುವುದು. ನಾಲ್ವರ ಎರಡು ಸಾಲು, ತನ್ನ ಪಕ್ಕದವನು ಯಾರು ಅಂತ ಎಲ್ಲರಿಗೂ ಗೊತ್ತು. 68 ಮೀಟರ್ ಅಗಲವನ್ನು ನಾಲ್ವರು ಹಂಚಿಕೊಂಡರೆ ತಲಾ 17 ಮೀಟರ್. ಇದರಲ್ಲಿ ದೋಷ ಕಾಣುವ ಬಗೆ ಬೇರೆ. ಗೋಲು ಬೀಳದೇ ಇರಬಹುದು, ಆದರೆ ಚೆಂಡೇ ಸಿಗುವುದಿಲ್ಲ. ನಡುವೆ ನಮ್ಮವರು ಇಬ್ಬರು ಮಿಡ್‌ಫೀಲ್ಡರ್, ಎದುರಾಳಿ ಮೂವರನ್ನು ಹಾಕಿದರೆ ತ್ರಿಕೋನ ಮಾಡಿಕೊಂಡು ಆಡುತ್ತಲೇ ಇರುತ್ತಾರೆ. ನಮ್ಮವರು ಸುಮ್ನೆ ಓಡಿ ಓಡಿ ಸುಸ್ತಾಗುತ್ತಾರೆ. ಮದ್ದು ಏನು? ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬ ಇಳಿದು ಅವರ ಮೂರನೆಯವನನ್ನು ಹಿಡಿಯಬೇಕು. 2015-16ರಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿಯಲ್ಲಿ ಸ್ಟ್ರೈಕರ್ ಒಕಾಜಾಕಿ ಮಾಡುತ್ತಿದ್ದದ್ದು ಇದೇ ಕೆಲಸ, ಹಿಂದೆ ಮಿಡ್‌ಫೀಲ್ಡರ್ ಕಾಂಟೆ ಓಡಾಡಿ ಉಳಿದದ್ದನ್ನು ಬಾಚುತ್ತಿದ್ದ. ಇನ್ನೊಂದು ಮದ್ದು ಸಾಲುಗಳ ನಡುವಿನ ಅಂತರ ಕಡಿಮೆ ಮಾಡುವುದು. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ಮಿಲಾನ್ ತಂಡಕ್ಕೆ ಕೋಚ್ ಅರಿಗೊ ಸಾಕಿ ಹೇಳಿಕೊಟ್ಟಿದ್ದು ಕೊನೆಯ ಡಿಫೆಂಡರ್‌ನಿಂದ ಮೊದಲ ಸ್ಟ್ರೈಕರ್‌ವರೆಗೆ 25 ಮೀಟರ್ ಆಸುಪಾಸಿನಲ್ಲಿ ಇರಬೇಕು ಅಂತ. ಕಿಂಡಿ ಸಣ್ಣದು ಮಾಡುವುದು ಅಂದರೆ ಇದೇ. ಆದರೆ ಆಗ ಡಿಫೆನ್ಸಿನ ಬೆನ್ನ ಹಿಂದೆ ದೊಡ್ಡ ಬಯಲು ಬಿಟ್ಟಿರುತ್ತೀರಿ, ಆಫ್‌ಸೈಡ್ ಗೆರೆ (ಇದನ್ನು ದಾಟಿ ನಿಂತ ಎದುರಾಳಿಗೆ ಚೆಂಡು ಕೊಟ್ಟರೆ ಆಟ ನಿಲ್ಲುತ್ತದೆ) ಎಲ್ಲರೂ ಒಟ್ಟಿಗೆ ಹಿಡಿಯಲೇಬೇಕು. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಹಾಗೆ ಮುಂದೆ ನಿಂತೇ ಅರ್ಜೆಂಟೀನಾವನ್ನು 2-1ರಲ್ಲಿ ಸೋಲಿಸಿತು. ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಆಗಿ ಹೋದವು.

4-2-3-1ರಲ್ಲಿ ನಡುವೆ ಇಬ್ಬರು ಕಾವಲು ಇರುವುದರಿಂದ ಹಿಂದೆ ಭದ್ರ. ಅಲ್ಲಿ ಬರುವ ದೂರು ಸ್ಟ್ರೈಕರ್‌ನದು: ನನ್ನ ಹತ್ತಿರ ಯಾರೂ ಬರಲ್ಲ ಅಂತ. ಅವನ ಹಿಂದಿನ ಮೂವರು ಎಷ್ಟು ದೂರ ಇದ್ದಾರೆ ಅಂತ ಮಾತ್ರ ನೋಡಿ. ಮಿಡ್‌ಫೀಲ್ಡಿನ ನಾಲ್ವರು ವಜ್ರದ ಆಕಾರದಲ್ಲಿ ನಿಲ್ಲುವ, ಡೈಮಂಡ್ ಅನ್ನುವ 4-4-2ರಲ್ಲಿ ನಡುವೆ ಜನ ಜಾಸ್ತಿ, ಅಂಚಿನಲ್ಲಿ ಫುಲ್ ಬ್ಯಾಕ್ ಬಿಟ್ಟರೆ ಯಾರೂ ಇಲ್ಲ.

3-5-2ರ ಬಗ್ಗೆ ಹುಡುಗರಿಗೆ ಆಸೆ ಜಾಸ್ತಿ. ಎದುರಾಳಿ ಇಬ್ಬರು ಸ್ಟ್ರೈಕರ್ ಆಡಿಸಿದರೆ ನಮಗೆ ಒಬ್ಬ ಸ್ಟಾಪರ್ ಹೆಚ್ಚುವರಿ ಸಿಗುತ್ತಾನೆ, ನಡುವೆಯೂ ಮೂವರು. ಆದರೆ ಎದುರಾಳಿ ಒಬ್ಬನೇ ಸ್ಟ್ರೈಕರ್ ಆಡಿಸಿದರೆ? ಮೂವರು ಸ್ಟಾಪರ್ ಒಬ್ಬನನ್ನು ಕಾಯುತ್ತಾ ನಿಂತಿರುತ್ತಾರೆ. ಹಿಂದೆ ಇಬ್ಬರು ಹೆಚ್ಚಾದರು ಅಂದರೆ ಇನ್ನೆಲ್ಲೋ ಇಬ್ಬರು ಕಡಿಮೆ ಅಂತಲೇ ಲೆಕ್ಕ. ಇನ್ನು ವಿಂಗ್ ಬ್ಯಾಕ್. ಆ ಜಾಗಕ್ಕೆ ಇಡೀ ಅಂಚು ಒಬ್ಬನೇ ಓಡುವ ಕಾಲು ಬೇಕು. ಅಂಥ ಇಬ್ಬರು ಇಲ್ಲದಿದ್ದರೆ ಅವರು ಹಿಂದೆಯೇ ಉಳಿಯುತ್ತಾರೆ, ತಂಡ 5-3-2 ಆಗಿ ಗೋಲಿನ ಮುಂದೆ ಕುಕ್ಕರಿಸುತ್ತದೆ. ನನ್ನ ತಂಡದಲ್ಲಿ ಅಂಥ ಒಬ್ಬ ಇದ್ದಾನೆ, ಇಬ್ಬರಿಲ್ಲ. ಅದಕ್ಕೇ ಕೈಬಿಟ್ಟೆ.

ಹಾಗಂತ ಬದಲಾಯಿಸುವುದೇ ತಪ್ಪು ಅಂತ ಹೇಳುತ್ತಿಲ್ಲ. 2016ರ ಸೆಪ್ಟೆಂಬರ್ 24ರಂದು ಚೆಲ್ಸಿ ಆರ್ಸೆನಲ್ ಎದುರು 3-0ಯಲ್ಲಿ ಸೋತಿತು. ಚೆಲ್ಸಿಯ ಕೋಚ್ ಆಂಟೋನಿಯೊ ಕೊಂಟೆ ಆ ಪಂದ್ಯದ ನಡುವೆಯೇ ಮೂವರು ಡಿಫೆಂಡರ್‌ಗಳ ಆಟಕ್ಕೆ ತಿರುಗಿದರು. ಆಮೇಲೆ 3-4-3ರಲ್ಲಿ ಲೀಗಿನ 13 ಪಂದ್ಯ ಸತತವಾಗಿ ಗೆದ್ದು, ಆ ವರ್ಷದ ಪ್ರಶಸ್ತಿಯನ್ನೂ ತೆಗೆದುಕೊಂಡರು. ಆದರೆ ವಿಂಗರ್ ಆಗಿದ್ದ ಮೋಸೆಸ್ ಆ ಉದ್ದದ ಓಟಕ್ಕೆ ಒಗ್ಗಿದ, ಫುಲ್ ಬ್ಯಾಕ್ ಆಗಿದ್ದ ಆಸ್ಪಿಲಿಕ್ವೆಟಾ ಒಳಗೆ ಸ್ಟಾಪರ್ ಆಗಿ ಹೊಂದಿಕೊಂಡ. ಬೇಕಾದ ಜನ ಆ ತಂಡದಲ್ಲೇ ಇದ್ದರು. ಬದಲಾಯಿಸುವ ಮುಂಚೆ ಅದನ್ನು ನೋಡಿಕೊಳ್ಳಬೇಕು, ಅಲ್ವಾ?

ಪಂದ್ಯದ ನಡುವೆ ಬದಲಾಯಿಸುವಾಗ

ಹೊಂದಿಕೊಂಡು ಆಡುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೋಚ್. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಅವರನ್ನು ಹೊರಗೆ ಕೂರಿಸಲಿಲ್ಲ, ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2-1ರಲ್ಲಿ ಗೆದ್ದಾಗ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲ್ ಸಿಂಗ್ ಅವರದು. ಈ ಕಥೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೌದಿ ಎದುರು ಸೋತ ಅರ್ಜೆಂಟೀನಾ ಮುಂದೆ ಏನು ಮಾಡಿತು ನೋಡಿ. ನೆದರ್ಲೆಂಡ್ಸ್ ಎದುರು ಹಿಂದೆ ಐವರನ್ನು ನಿಲ್ಲಿಸಿತು. ಕ್ರೊಯೇಷಿಯಾದ ಮಿಡ್‌ಫೀಲ್ಡ್ ಬಲವಾಗಿತ್ತು ಅಂತ ಅಲ್ಲಿ ನಾಲ್ವರು ಮಿಡ್‌ಫೀಲ್ಡರ್‌ಗಳನ್ನು ಹಾಕಿತು. ಫೈನಲ್‌ನಲ್ಲಿ ಡಿ ಮಾರಿಯಾನನ್ನು ಎಡ ಅಂಚಿಗೆ ಇಳಿಸಿತು. ಅವನು ಒಂದು ಪೆನಾಲ್ಟಿ ಗಿಟ್ಟಿಸಿ, ಒಂದು ಗೋಲು ಹೊಡೆದ. ಪ್ರತಿ ಸಲ ಬದಲಾದದ್ದು ಒಬ್ಬರೋ ಇಬ್ಬರೋ, ಉಳಿದವರ ಕೆಲಸ ಹೆಚ್ಚು ಕಡಿಮೆ ಅದೇ.

ಹುಡುಗರ ತಂಡಕ್ಕೂ ಇದೇ ಅಳತೆ. ಎರಡು ಆಕಾರ ಸಾಕು, ಮೂರನೆಯದು ಬೇಡ. ಒಂದರಿಂದ ಇನ್ನೊಂದಕ್ಕೆ ಹೋಗಲು ಇಬ್ಬರಿಗಿಂತ ಜಾಸ್ತಿ ಜನ ಜಾಗ ಬದಲಾಯಿಸಬಾರದು. ನಾವು 4-3-3ರಿಂದ 4-4-2ಕ್ಕೆ ಹೋಗುವಾಗ ಒಬ್ಬ ವಿಂಗರ್ ಸ್ಟ್ರೈಕರ್ ಪಕ್ಕಕ್ಕೆ ಬರುತ್ತಾನೆ, ಇನ್ನೊಬ್ಬ ಮಿಡ್‌ಫೀಲ್ಡಿಗೆ ಇಳಿಯುತ್ತಾನೆ. ಮುಷ್ಟಿ ಎತ್ತಿದರೆ ಅದೇ ಸೂಚನೆ. ಅಂಚಿನಲ್ಲಿ ನಿಂತು ಕೂಗಿದರೆ ಗಾಳಿಯಲ್ಲಿ ಆ ತುದಿಯ ಹುಡುಗನಿಗೆ ಏನೂ ಕೇಳುವುದಿಲ್ಲ. ಬದಲಾಯಿಸಿದ ಮೇಲೆ ಹತ್ತು ನಿಮಿಷ ಕೈ ಕಟ್ಟಿ ನೋಡಿ. ಹಳೇ ಕಿಂಡಿ ಮುಚ್ಚಿತಾ? ಹೊಸದು ಎಲ್ಲಿ ತೆರೆಯಿತು? ಈ ಎರಡನೇ ಪ್ರಶ್ನೆ ಮರೆಯಬೇಡಿ, ನಾನು ಎರಡನೇ ವಾರ ಮರೆತಿದ್ದು ಅದನ್ನೇ.

ಆ ಸಣ್ಣ ಬದಲಾವಣೆ ಆದ ಮೇಲೆ ಎರಡು ಪಂದ್ಯ ಆಡಿದ್ದೇವೆ. ಎರಡರಲ್ಲೂ ಅದೇ ಹುಡುಗ ಲೆಫ್ಟ್ ಬ್ಯಾಕ್. ಎಡಗಡೆಯಿಂದ ಗೋಲು ಬಿದ್ದಿಲ್ಲ. ಎರಡನೇ ಪಂದ್ಯದಲ್ಲಿ ಬಲಗಡೆಯಿಂದ ಒಂದು ಬಿತ್ತು. ಚೆಂಡು ಎಡದಿಂದ ಬಲಕ್ಕೆ ಒಂದೇ ಏಟಿಗೆ ದಾಟಿದಾಗ, ಮೇಲೆ ಉಳಿದ ರೈಟ್ ವಿಂಗರ್ ಇಳಿದು ಬರಲು ಹೊತ್ತಾಯಿತು ಅಂತ ನನ್ನ ಅನುಮಾನ. ವಿಡಿಯೋ ಫೋನಿನಲ್ಲಿದೆ. ಭಾನುವಾರ ಬೆಳಿಗ್ಗೆ ರೈಟ್ ಬ್ಯಾಕ್ ಹುಡುಗನನ್ನು ಅಂಗಡಿಗೆ ಬರಲು ಹೇಳಿದ್ದೇನೆ. ಲೆಫ್ಟ್ ಬ್ಯಾಕ್ ಹುಡುಗ ತಾನೂ ಬರುತ್ತೇನೆ ಅಂದಿದ್ದಾನೆ.